ಓವರ್‌ಕ್ಲಾಕ್ ಮಾಡಲ್ವಾ? ಹಾಗಾದ್ರೆ ಆ ದುಡ್ಡು ಎಲ್ಲಿ ಹಾಕ್ತೀರಿ?

ಹೊಸ ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸೋಕೆ ಹೊರಟವರು ಸಲಹೆ ಕೇಳಿದಾಗ, ಬಜೆಟ್ ಎಷ್ಟು ಅನ್ನೋದಕ್ಕೂ ಮುಂಚೆ ನಾನು ಕೇಳೋದು ಒಂದೇ ಪ್ರಶ್ನೆ: "ಓವರ್‌ಕ್ಲಾಕ್ ಮಾಡ್ತೀರಾ?" ಬಹುತೇಕರು "ಅಯ್ಯೋ, ಅದೆಲ್ಲ ಬೇಡಪ್ಪಾ" ಅಂತಾರೆ. ಆಮೇಲೆ ಅವರು ತೋರಿಸುವ ಪಟ್ಟಿ ನೋಡಿದರೆ, ಓವರ್‌ಕ್ಲಾಕ್ ಮಾಡುವವರಿಗೆಂದೇ ತಯಾರಾದ ಸಾಮಾನಿಗೆ ಸಾಕಷ್ಟು ದುಡ್ಡು ಹೋಗಿರುತ್ತೆ!

ಓವರ್‌ಕ್ಲಾಕ್ ಅಂದ್ರೆ, ಕಂಪನಿ ನಿಗದಿ ಮಾಡಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಪ್ರೊಸೆಸರ್ ಓಡಿಸೋದು. ಒಂದು ಕಾಲದಲ್ಲಿ ಇದರಲ್ಲಿ ನಿಜಕ್ಕೂ ಲಾಭ ಇತ್ತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಹೆಸರಿಗೆ 300 ಮೆಗಾಹರ್ಟ್ಸ್‌ನದು. ಬಸ್ ವೇಗವನ್ನು 66ರಿಂದ 100ಕ್ಕೆ ಏರಿಸಿದರೆ ಸಾಕು, ಎಷ್ಟೋ ಚಿಪ್‌ಗಳು ತಕರಾರಿಲ್ಲದೆ 450ರಲ್ಲಿ ಓಡುತ್ತಿದ್ದವು. ಪೈಸೆ ಖರ್ಚಿಲ್ಲದೆ ಒಂದೂವರೆ ಪಟ್ಟು ವೇಗ!

ಈಗ ಆ ಲಾಭವನ್ನು ಕಂಪನಿಗಳೇ ಮೊದಲೇ ತೆಗೆದುಕೊಟ್ಟಿರುತ್ತವೆ. ಟರ್ಬೊ, ಬೂಸ್ಟ್ ಅಂತ ಕರೆಯೋದು ಅದನ್ನೇ. ಬಿಸಿ ಎಷ್ಟಿದೆ, ವಿದ್ಯುತ್ ಎಷ್ಟು ಸಿಗುತ್ತೆ ಅಂತ ನೋಡಿಕೊಂಡು ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುತ್ತೆ. ಅದರ ಮೇಲೆ ನಾವು ಕೈಯಾಡಿಸಿ ಗಳಿಸೋದು ಸ್ವಲ್ಪ, ತೆರೋದು ಬಹಳ. ಲೆಕ್ಕ ಸರಳ: ಪ್ರೊಸೆಸರ್ ಎಳೆಯುವ ವಿದ್ಯುತ್ತು ವೇಗದ ಜೊತೆ ಏರುತ್ತೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತೆ. ವೇಗ ಶೇ 10, ವೋಲ್ಟೇಜ್ ಶೇ 10 ಏರಿಸಿದರೆ 1.1 × 1.1 × 1.1, ಅಂದರೆ ಸುಮಾರು ಶೇ 33 ಜಾಸ್ತಿ ವಿದ್ಯುತ್. ಅಷ್ಟೇ ಜಾಸ್ತಿ ಶಾಖ.

2024ರ ಕೊನೆಗೆ ಕಲಬುರಗಿಯಲ್ಲಿರುವ ನಮ್ಮ ಕಾಕಾನ ಮಗನಿಗೆ ಪಿಸಿ ಬೇಕಾಯ್ತು. ಮದುವೆ ವಿಡಿಯೊ ಎಡಿಟಿಂಗ್ ಅವನ ಹೊಸ ಕಸುಬು. ಸೊಸೈಟಿಯಲ್ಲಿ ಸಾಲ ತೆಗೆದಿದ್ದ, ಕಂತು ಮರುತಿಂಗಳಿಂದಲೇ ಶುರು. ಅಂಗಡಿಯವರ ಕೊಟೇಶನ್ ಫೋಟೊ ಕಳಿಸಿ ಕೇಳಿದ: "ಅಣ್ಣಾ, ಕೆ ಇದ್ದಿದ್ದೇ ತಗೋ, ಮುಂದ ಸ್ಪೀಡ್ ಏರಿಸಬಹುದು ಅಂತಾರ. ಖರೇ ಏನು?" ಪಟ್ಟಿಯಲ್ಲಿ ಐ5-14600ಕೆ, ಝಡ್790 ಬೋರ್ಡ್, ಲಿಕ್ವಿಡ್ ಕೂಲರ್ ಇದ್ದವು. ಯುಪಿಎಸ್ ಇರಲಿಲ್ಲ, ಬ್ಯಾಕಪ್‌ಗೆ ಡ್ರೈವ್ ಇರಲಿಲ್ಲ.

"ನೀ ಸ್ಪೀಡ್ ಏರಿಸ್ತೀ ಏನು?" ಅಂದೆ.

"ಇಲ್ಲಣ್ಣಾ, ಸೀಸನ್ನಾಗ ಬಂದ್ ಬೀಳಲಾರದಂಗ ನಡದ್ರ ಸಾಕು."

ಅವನ ಈ ಒಂದು ಮಾತಿಗೆ ಪಟ್ಟಿಯ ಮೂರು ಸಾಲು ಬದಲಾದವು.

ಮೊದಲನೆಯದು ಪ್ರೊಸೆಸರ್. ಇಂಟೆಲ್‌ನಲ್ಲಿ ಕೆ ಅಕ್ಷರ ಅಂದ್ರೆ ಓವರ್‌ಕ್ಲಾಕ್‌ಗೆ ಬೀಗ ತೆಗೆದದ್ದು. ಅದರ ಬದಲು ಐ5-14500 ಆರಿಸಿದೆವು. ಎರಡರಲ್ಲೂ 14 ಕೋರ್, 20 ಥ್ರೆಡ್. ಗರಿಷ್ಠ ವೇಗ ಕೆ ಇರುವುದರದು 5.3 ಗಿಗಾಹರ್ಟ್ಸ್, ಇಲ್ಲದ್ದರದು 5.0. ಗರಿಷ್ಠ ಟರ್ಬೊ ವಿದ್ಯುತ್ 181 ವ್ಯಾಟ್ ಮತ್ತು 154 ವ್ಯಾಟ್. ಕೆ ಇರುವ ಡಬ್ಬಿಯಲ್ಲಿ ಕೂಲರ್ ಬರಲ್ಲ, ಇದರಲ್ಲಿ ಬರುತ್ತೆ. ಇನ್ನೂ ಉಳಿಸೋಣ ಅಂತ ಎಫ್ ಅಕ್ಷರದ ಪ್ರೊಸೆಸರ್‌ಗೆ ಮಾತ್ರ ಹೋಗಲಿಲ್ಲ. ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇರಲ್ಲ. ಎಡಿಟಿಂಗ್‌ನವರಿಗೆ ಅದು ಬೇಕೇ ಬೇಕು. ಈಗಿನ ಕ್ಯಾಮೆರಾಗಳು ಕೊಡುವ 10-ಬಿಟ್ 4:2:2 ಎಚ್.265 ಫೈಲ್‌ಗಳನ್ನು ಇಂಟೆಲ್‌ನ ಕ್ವಿಕ್ ಸಿಂಕ್ ಸಲೀಸಾಗಿ ಬಿಡಿಸುತ್ತೆ; ಅವನ ಪಟ್ಟಿಯಲ್ಲಿದ್ದ ಆರ್‌ಟಿಎಕ್ಸ್ 4060 ಕಾರ್ಡಿಗೆ ಆ ಕೆಲಸ ಬರಲ್ಲ. ಕಾರ್ಡ್ ಕೈಕೊಟ್ಟ ದಿನವೂ ಪರದೆ ಮೇಲೆ ಚಿತ್ರ ಬರುತ್ತೆ ಅನ್ನೋದು ಇನ್ನೊಂದು ಲಾಭ.

ಎಎಂಡಿ ಕಡೆ ಹೋಗುವವರಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಹೆಚ್ಚಿನ ರೈಜನ್‌ಗಳಿಗೆ ಬೀಗವೇ ಇಲ್ಲ. ಆದರೂ ಆಯ್ಕೆ ಅದೇ ತರಹ: ರೈಜನ್ 5 7600 ಅಂದ್ರೆ 65 ವ್ಯಾಟ್, 5.1 ಗಿಗಾಹರ್ಟ್ಸ್, ಜೊತೆಗೆ ಕೂಲರ್. 7600ಎಕ್ಸ್ ಅಂದ್ರೆ 105 ವ್ಯಾಟ್, 5.3 ಗಿಗಾಹರ್ಟ್ಸ್, ಕೂಲರ್ ಇಲ್ಲ.

ಎರಡನೆಯದು ಮದರ್‌ಬೋರ್ಡ್. ಝಡ್ ಸರಣಿಗೆ ಜಾಸ್ತಿ ದುಡ್ಡು ಕೊಡೋದೇ ಮುಖ್ಯವಾಗಿ ಪ್ರೊಸೆಸರ್ ಓವರ್‌ಕ್ಲಾಕ್‌ಗೆ. ಅದು ಬೇಡವಾದ್ದರಿಂದ ಬಿ760. ಹಾಗಂತ ತೀರಾ ಅಗ್ಗದ ಎಚ್610ಗೆ ಇಳಿಯಲಿಲ್ಲ. ಅದರಲ್ಲಿ ರ‍್ಯಾಮ್ ಸ್ಲಾಟ್ ಎರಡೇ. ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಭಾಗವೂ ಅಗ್ಗದ ಬೋರ್ಡ್‌ಗಳಲ್ಲಿ ಚಿಕ್ಕದು, ಮೇಲೆ ಹೀಟ್‌ಸಿಂಕ್ ಕೂಡ ಇರಲ್ಲ. ಗಂಟೆಗಟ್ಟಲೆ ಎಕ್ಸ್‌ಪೋರ್ಟ್ ನಡೆಯುವ ಮಷಿನ್‌ಗೆ ಅದು ಸರಿಹೋಗಲ್ಲ.

ಬೋರ್ಡ್ ಜೋಡಿಸಿದ ದಿನವೇ ಬಯೋಸ್ ಅಪ್‌ಡೇಟ್ ಮಾಡಿಸಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಪ್ರೊಸೆಸರ್‌ಗಳು ಅತಿ ವೋಲ್ಟೇಜ್‌ನಿಂದ ಹಾಳಾಗುತ್ತಿದ್ದ ಸುದ್ದಿ 2024ರಲ್ಲಿ ದೊಡ್ಡದಾಗಿತ್ತು. ಕಂಪನಿ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟು, ಅಂಥ ಪ್ರೊಸೆಸರ್‌ಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ತಿದ್ದುಪಡಿ ನಮ್ಮ ಮಷಿನ್‌ಗೆ ಬರೋದು ಬಯೋಸ್ ಮೂಲಕವೇ.

ಮೂರನೆಯದು ಕೂಲರ್. ಕೂಲರ್ ಎಷ್ಟೇ ದುಬಾರಿಯಾದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡೋಕೆ ಆಗಲ್ಲ. ಬೆಂಗಳೂರಿನ 25 ಡಿಗ್ರಿ ಕೋಣೆಯಲ್ಲಿ 70 ತೋರಿಸುವ ಪ್ರೊಸೆಸರ್, ಏಪ್ರಿಲ್‌ನಲ್ಲಿ ಕಲಬುರಗಿಯ 40 ಡಿಗ್ರಿ ಕೋಣೆಯಲ್ಲಿ ಹೆಚ್ಚೂಕಡಿಮೆ 85 ತೋರಿಸುತ್ತೆ. ಮದುವೆ ಸೀಸನ್ ಬರೋದೂ ಆ ಬಿಸಿಲಲ್ಲೇ. ಡಬ್ಬಿಯ ಕೂಲರ್‌ನಲ್ಲೂ ಕೆಲಸ ನಡೆಯುತ್ತೆ, ಆದರೆ ಉದ್ದದ ಎಕ್ಸ್‌ಪೋರ್ಟ್‌ನಲ್ಲಿ ಸದ್ದು ಜಾಸ್ತಿ, ವೇಗವೂ ಇಳಿಯುತ್ತೆ. ನಾಲ್ಕು ಹೀಟ್‌ಪೈಪ್‌ನ ಸಾದಾ ಏರ್ ಕೂಲರ್ ಹಾಕಿಸಿದೆವು. ಪಂಪ್ ಇಲ್ಲ, ಸೋರುವ ಭಯ ಇಲ್ಲ. ಫ್ಯಾನ್ ಕೆಟ್ಟರೆ ಊರಲ್ಲೇ ಇನ್ನೊಂದು ಸಿಗುತ್ತೆ. ಕೇಸ್ ಕೂಡ ಮುಂದೆ ಗಾಜಿನದು ಬೇಡ, ಜಾಲರಿ ಮತ್ತು ಧೂಳಿನ ಫಿಲ್ಟರ್ ಇರೋದು ಇರಲಿ ಅಂದೆ.

ರ‍್ಯಾಮ್ ವಿಷಯದಲ್ಲಿ 32 ಜಿಬಿಯ ಒಂದು ಕಡ್ಡಿಗಿಂತ 16ರ ಎರಡು ಕಡ್ಡಿ ಒಳ್ಳೆಯದು. ಆಗ ಎರಡೂ ಚಾನೆಲ್ ಕೆಲಸ ಮಾಡುತ್ತವೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಂತ ಒಂದು ಆಯ್ಕೆ ಕಾಣುತ್ತೆ. ಅದೂ ಓವರ್‌ಕ್ಲಾಕ್‌ನ ಖಾಸಾ ತಮ್ಮನೇ! 14500ಕ್ಕೆ ಇಂಟೆಲ್ ಹೇಳುವ ಅಧಿಕೃತ ಮಿತಿ ಡಿಡಿಆರ್5-4800. ಅದಕ್ಕಿಂತ ಮೇಲೆ ಹೋಗುವುದಾದರೆ ಒಂದು ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿ. ಬೆಳಿಗ್ಗೆ ಒಂದೇ ಒಂದು ಎರರ್ ಕಂಡರೂ ಅದನ್ನು ಆಫ್ ಮಾಡಿ.

ಇನ್ನು ಎಸ್‌ಎಂಪಿಎಸ್. ಪ್ರೊಸೆಸರ್ 154 ವ್ಯಾಟ್, ಗ್ರಾಫಿಕ್ಸ್ ಕಾರ್ಡ್ 115, ಉಳಿದದ್ದೆಲ್ಲ ಸೇರಿ 60 ಅಂತಿಟ್ಟರೂ 330 ದಾಟಲ್ಲ. ಒಳ್ಳೆ ಕಂಪನಿಯ 550 ವ್ಯಾಟ್ ಸಾಕು, 850 ಬೇಕಿಲ್ಲ. 80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನೋದು ವಿದ್ಯುತ್ ಎಷ್ಟು ಪೋಲಾಗುತ್ತೆ ಅಂತ ಹೇಳುತ್ತೆ ಅಷ್ಟೇ, ಬಾಳಿಕೆ ಹೇಳಲ್ಲ. ಬಾಳಿಕೆಗೆ ವಾರಂಟಿ ವರ್ಷ ನೋಡಿ.

ಮೂರು ಸಾಲು ಬದಲಿಸಿ ಉಳಿದ ದುಡ್ಡಲ್ಲಿ ಮೊದಲು ಬಂದದ್ದು ಯುಪಿಎಸ್. ಇಲ್ಲಿ ವಿಎ ಬೇರೆ, ವ್ಯಾಟ್ ಬೇರೆ. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡೋದು 360 ವ್ಯಾಟ್. ಮಾನಿಟರ್ ಸೇರಿದರೆ ಅದು ಸಾಲಲ್ಲ, ಹಾಗಾಗಿ 600 ವ್ಯಾಟ್ ಕೊಡುವ 1000 ವಿಎ. ಆಮೇಲೆ ಎರಡು ಹಾರ್ಡ್‌ಡಿಸ್ಕ್: ಕಾರ್ಡಿನಿಂದ ಇಳಿಸಿದ ದಿನವೇ ಒಂದರಲ್ಲಿ ಪ್ರತಿ, ಇನ್ನೊಂದು ಪ್ರತಿ ಮನೆಯಿಂದ ಹೊರಗೆ. ಎಕ್ಸ್‌ಪೋರ್ಟ್ ಐದು ನಿಮಿಷ ತಡವಾದರೆ ಒಂದು ಚಹಾ ಕುಡಿದು ಬರಬಹುದು. ಬೇರೆಯವರ ಮಗಳ ತಾಳಿ ಕಟ್ಟೋ ವಿಡಿಯೊ ಹೋದರೆ ಆ ಮನೆಯವರಿಗೆ ಏನಂತ ಹೇಳ್ತೀರಿ?

ನೀವು ಓದುವ ಹೊತ್ತಿಗೆ ಮಾಡೆಲ್ ನಂಬರ್‌ಗಳು ಬದಲಾಗಿರುತ್ತವೆ, ಬೆಲೆಯಂತೂ ವಾರವಾರ ಬದಲಾಗುತ್ತೆ. ಪಟ್ಟಿಯ ಪ್ರತಿ ಸಾಲಿಗೂ "ಇದು ನನ್ನ ಕೆಲಸಕ್ಕಾ, ಓವರ್‌ಕ್ಲಾಕ್‌ಗಾ?" ಅಂತ ಕೇಳಿದರೆ ಆಯ್ತು. ಎಸ್.ಪಿ. ರೋಡಿಗೇ ಹೋಗಿ, ನಿಮ್ಮೂರ ಅಂಗಡಿಗೇ ಹೋಗಿ, ಪ್ರೊಸೆಸರ್ ಸೀಲ್ ಆದ ಡಬ್ಬಿಯದಾ, ಟ್ರೇ ಮಾಲಾ ಅಂತ ಮೊದಲು ವಿಚಾರಿಸಿ. ಡಬ್ಬಿಯದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಇರುತ್ತೆ. ಟ್ರೇ ಮಾಲಿಗೆ ಏನಾದ್ರೂ ಆದರೆ ಮತ್ತೆ ಅಂಗಡಿಯವರ ಹತ್ತಿರವೇ ಹೋಗಬೇಕು. ಜಿಎಸ್‌ಟಿ ಬಿಲ್‌ನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಆ ಬಿಲ್‌ನ ಅಕ್ಷರ ಮಾಸಿಹೋಗಬಹುದು, ಅಂಗಡಿ ಮೆಟ್ಟಿಲು ಇಳಿಯೋ ಮುಂಚೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.