ತಿಳಿಯಿತೆಂಬ ಮಾತಿನ ಬೆಲೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಈಗ ಓದುತ್ತಿರುವ ಹುಡುಗಿಯರ ತಾಯಿತಂದೆಗಳಿಗೂ ಒಂದು ಮಾತನ್ನು ಬಿನ್ನವಿಸಬೇಕೆಂದು ನಾವು ಈ ಸಂಚಿಕೆಯ ಕೆಲವು ಪುಟಗಳನ್ನು ಬೇಡಿ ಪಡೆದಿದ್ದೇವೆ. ವಿಷಯವು ಆಕಾಶಕ್ಕೆ ಸೇರಿದುದು. ಆದರೆ ಅದರ ಪಾಠವು ನಮ್ಮ ತರಗತಿಗೂ ನಮ್ಮ ಮನೆಯ ಜಗಲಿಗೂ ಸೇರಿದುದೆಂದು ನಮ್ಮ ನಂಬಿಕೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಜನರಿಗೆ ವಿಮಾನವೆಂಬುದು ಬಹುಕಾಲ ಕತ್ತೆತ್ತಿ ನೋಡುವ ವಸ್ತುವಾಗಿತ್ತು. 2023ನೆಯ ಇಸವಿ ಫೆಬ್ರವರಿ 27ರಂದು ಶಿವಮೊಗ್ಗದ ಬಳಿ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರುಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲನೆಯ ಪ್ರಯಾಣಿಕರ ವಿಮಾನವು ಅಲ್ಲಿ ಬಂದಿಳಿಯಿತು. ಅಂದಿನಿಂದ ಅಡಕೆ ತೋಟದವರ ಮನೆಯಲ್ಲಿಯೂ ವಿಮಾನದ ಟಿಕೆಟಿನ ಮಾತು ನಡೆಯುವಂತಾಗಿದೆ. ಹೀಗಿರುವಾಗ, ಗೆರೆಯೂ ಇಲ್ಲದ, ಮೈಲಿಗಲ್ಲೂ ಇಲ್ಲದ ಆ ದಾರಿಯಲ್ಲಿ ಒಂದು ವಿಮಾನವು ಮತ್ತೊಂದನ್ನು ತಾಕದಂತೆ ಕಾಯುವವರು ಯಾರೆಂದು ತಿಳಿಯುವುದು ಉಚಿತವಲ್ಲವೇ?

ಸೂಳೆಕೆರೆಯ ನೀರನ್ನು ಉಣ್ಣುವ ನಮ್ಮ ಸೀಮೆಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ನೀರಗಂಟಿಯು ಗದ್ದೆಯನ್ನು ಉಳುವವನಲ್ಲ. ಆದರೆ ಯಾರ ಗದ್ದೆಗೆ ಯಾವಾಗ ನೀರು ಹರಿಯಬೇಕೆಂಬುದನ್ನು ಅವನು ಬಲ್ಲನು. ರೈತನಿಗೆ ತನ್ನ ಮಣ್ಣಿನ ಹದ ಗೊತ್ತು. ಕಾಲುವೆಯ ಉದ್ದಕ್ಕೂ ಇರುವವರ ಸರದಿ ಗೊತ್ತಿಲ್ಲ. ಅದರಂತೆಯೇ ವಿಮಾನ ಚಾಲಕಿಗೆ ತನ್ನ ವಿಮಾನದ ಗುಣ, ಇಂಧನ, ಎದುರಿನ ಮೋಡ ಇವು ಗೊತ್ತು. ಸುತ್ತಲಿನ ಇಪ್ಪತ್ತು ವಿಮಾನಗಳ ಸಂಗತಿ ಗೊತ್ತಿಲ್ಲ. ನೆಲದ ಮೇಲೆ ರೇಡಾರಿನ ತೆರೆಯ ಮುಂದೆ ಕುಳಿತ ಸಂಚಾರ ನಿಯಂತ್ರಕಿಗೆ ಆ ಇಪ್ಪತ್ತೂ ಕಾಣುತ್ತವೆ. ಆದರೆ ಒಂದು ವಿಮಾನದ ಒಳಗೆ ಏನು ನಡೆಯುತ್ತಿದೆಯೆಂಬುದು ಕಾಣದು. ಇಬ್ಬರಿಗೂ ಅರ್ಧವೇ ಗೊತ್ತು. ಉಳಿದರ್ಧವು ಮಾತಿನಿಂದ ದೊರೆಯಬೇಕು. ಆ ಮಾತೂ ರೇಡಿಯೋದಲ್ಲಿ ಒಂದೇ ಸಾಲಿನಲ್ಲಿ ಹೋಗತಕ್ಕದ್ದು. ಇಬ್ಬರು ಏಕಕಾಲಕ್ಕೆ ನುಡಿದರೆ ಇಬ್ಬರದೂ ಕೆಡುತ್ತದೆ.

ರೇಡಾರಿನ ಕಾವಲಿನಲ್ಲಿ ಹಾರುವ ವಿಮಾನಗಳ ನಡುವೆ ಮೇಲೆಕೆಳಗಾಗಿ ಸಾಮಾನ್ಯವಾಗಿ 1000 ಅಡಿಯ ಅಂತರವಿರಬೇಕು. ಅದಿಲ್ಲವಾದರೆ ಅಡ್ಡಲಾಗಿ, ನಿಲ್ದಾಣದ ಸಮೀಪದಲ್ಲಿ 3 ಮತ್ತು ದೂರದ ದಾರಿಯಲ್ಲಿ 5 ನಾವಿಕ ಮೈಲಿಗಳ ಅಂತರವಿರುವುದು ವಾಡಿಕೆ. ಈ ಅಂತರವನ್ನು ಕಾಯುವುದಕ್ಕೆ ಯಂತ್ರಗಳಿರುವುದು ನಿಜ. ಆದರೂ ಎಲ್ಲಕ್ಕೂ ಹಿರಿದಾದ ಸಾಧನವು ಒಂದು ಚಿಕ್ಕ ಅಭ್ಯಾಸವಾಗಿದೆ. ನಿಯಂತ್ರಕಿಯು ಎತ್ತರವನ್ನೋ ದಿಕ್ಕನ್ನೋ ಹೇಳಿದಾಗ ಚಾಲಕಿಯು 'ತಿಳಿಯಿತು' ಎಂದು ಹೇಳಿ ಸುಮ್ಮನಾಗಕೂಡದು. ಕೇಳಿದ ಅಂಕಿಗಳನ್ನೇ ತಿರುಗಿ ಒಪ್ಪಿಸಬೇಕು. ಒಪ್ಪಿಸಿದ್ದನ್ನು ನಿಯಂತ್ರಕಿಯು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಆ ಕ್ಷಣವೇ ತಿದ್ದಬೇಕು. ಕೇಳಿಸದಿದ್ದರೆ 'ಮತ್ತೊಮ್ಮೆ ಹೇಳಿ' ಎನ್ನಬೇಕು. ಮಾಡಲಾಗದಿದ್ದರೆ 'ಆಗದು' ಎಂದು ಸ್ಪಷ್ಟವಾಗಿ ಹೇಳಬೇಕು. ಈ ಮೂರರಲ್ಲಿ ಯಾವುದೂ ಅವಿನಯವೆಂದು ಅಲ್ಲಿ ಎಣಿಸಲ್ಪಡುವುದಿಲ್ಲ.

ಈಗ ನಮ್ಮ ತರಗತಿಯನ್ನು ನೆನೆಯೋಣ. ಪಾಠ ಮುಗಿಸಿದ ಉಪಾಧ್ಯಾಯಿನಿಯು 'ತಿಳಿಯಿತೇ?' ಎಂದು ಕೇಳುತ್ತಾಳೆ. ನಾಲ್ವತ್ತು ಕಂಠಗಳು ಒಂದಾಗಿ 'ತಿಳಿಯಿತು' ಎನ್ನುತ್ತವೆ. ತಿಳಿಯದವಳೂ ಅವರೊಡನೆ ದನಿಗೂಡಿಸುತ್ತಾಳೆ. ಮನೆಯಲ್ಲಿ ಹಿರಿಯರು ಏನನ್ನಾದರೂ ಹೇಳಿದರೆ ಹುಡುಗಿಯು ಹೂಂಗುಟ್ಟುತ್ತಾಳೆ. ನಾವು ಅದನ್ನು ನೋಡಿ ಒಳ್ಳೆಯ ಮಗುವೆಂದು ಮೆಚ್ಚುತ್ತೇವೆ. ಈ ಮೆಚ್ಚುಗೆಯು ಯೋಗ್ಯವೇ ಎಂಬುದು ನಮ್ಮ ಪ್ರಶ್ನೆ.

ಹೂಂಗುಟ್ಟುವುದರಿಂದ ಏನಾಗುತ್ತದೆಂಬುದಕ್ಕೆ ಲೋಕದಲ್ಲಿ ದುಃಖಕರವಾದ ನಿದರ್ಶನಗಳಿವೆ. 1977ನೆಯ ಇಸವಿ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ, ದಟ್ಟವಾದ ಮಂಜಿನ ನಡುವೆ, ಎರಡು ದೊಡ್ಡ ವಿಮಾನಗಳು ಒಂದೇ ಓಡುದಾರಿಯ ಮೇಲೆ ಡಿಕ್ಕಿ ಹೊಡೆದು 583 ಜನರು ಮಡಿದರು. ನಿಯಂತ್ರಕನು 'ಸರಿ' ಎಂದು ಆರಂಭಿಸಿ, ಬಳಿಕ ಕಾಯಲು ಹೇಳಿದನು. ಅದೇ ಹೊತ್ತಿಗೆ ಎರಡನೆಯ ವಿಮಾನದವರೂ ಮಾತನಾಡಿದ್ದರಿಂದ ಉಳಿದ ಮಾತು ಕರ್ಕಶ ಧ್ವನಿಯಲ್ಲಿ ಮುಳುಗಿತು. ಮೊದಲನೆಯ ವಿಮಾನವು ಅಪ್ಪಣೆಯಿಲ್ಲದೆಯೇ ಓಡತೊಡಗಿತು. ಅದರೊಳಗಿದ್ದ ಇಂಜಿನಿಯರನು ಎದುರಿನ ವಿಮಾನವು ದಾರಿಯಿಂದ ಸರಿದಿದೆಯೋ ಇಲ್ಲವೋ ಎಂದು ಸಂಶಯಪಟ್ಟು ಕೇಳಿದನು. ಹಿರಿಯ ಕಪ್ತಾನನು ಆ ಸಂಶಯವನ್ನು ತಳ್ಳಿಹಾಕಿದನು. ಇಂಜಿನಿಯರನು ಮತ್ತೆ ಬಾಯಿ ತೆರೆಯಲಿಲ್ಲ.

ಇದು ದೂರದ ಮಾತೆನ್ನುವವರಿಗೆ ನಮ್ಮ ನಾಡಿನದೇ ಆದ ಸಂಗತಿಯೊಂದುಂಟು. 2010ನೆಯ ಇಸವಿ ಮೇ 22ರಂದು ಮಂಗಳೂರಿನ ಬಜಪೆಯಲ್ಲಿ, ದುಬೈಯಿಂದ ಬಂದ ವಿಮಾನವು ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ, 166 ಜನರಲ್ಲಿ 158 ಜನರು ಪ್ರಾಣ ಬಿಟ್ಟರು. ಇಳಿಯುವ ರೀತಿ ಸರಿಯಾಗಿಲ್ಲವೆಂದು ಕಂಡ ಕಿರಿಯ ಚಾಲಕನು ಮತ್ತೆ ಮೇಲೇರಿ ಸುತ್ತಿ ಬರಬೇಕೆಂದು ಮೂರು ಸಲ ಹೇಳಿದನೆಂಬುದು ವಿಚಾರಣೆಯಿಂದ ತಿಳಿದುಬಂದಿತು. ಕಪ್ತಾನನು ಅದಕ್ಕೆ ಕಿವಿಗೊಡಲಿಲ್ಲ. ಇದರಿಂದ ನಾವು ಕಲಿಯತಕ್ಕದ್ದು ಎರಡು. ಕಿರಿಯರಿಗೆ ಹೇಳುವ ಧೈರ್ಯವನ್ನು ಕಲಿಸಿದರೆ ಸಾಲದು. ಹಿರಿಯರಿಗೆ ಕೇಳುವ ವಿನಯವನ್ನೂ ಕಲಿಸಬೇಕು. ಎರಡನೆಯದೇ ಕಷ್ಟತರವೆಂದು ನಮಗೆ ತೋರುತ್ತದೆ.

ಮತ್ತೊಂದು ಸಂಗತಿಯು ದೇವರ ದಯದಿಂದ ಸುಖಾಂತವಾಯಿತು. 2022ನೆಯ ಇಸವಿ ಜನವರಿಯ ಒಂದು ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ, ಕಲ್ಕತ್ತೆಗೆ ಹೊರಟ ಒಂದು ವಿಮಾನವೂ ಭುವನೇಶ್ವರಕ್ಕೆ ಹೊರಟ ಇನ್ನೊಂದೂ, ಅಕ್ಕಪಕ್ಕದ ಎರಡು ಓಡುದಾರಿಗಳಿಂದ ಹೆಚ್ಚುಕಡಮೆ ಒಂದೇ ಹೊತ್ತಿಗೆ ಮೇಲೆದ್ದು ಒಂದನ್ನೊಂದು ಸಮೀಪಿಸತೊಡಗಿದವು. ಒಂದು ಓಡುದಾರಿಯನ್ನು ಮಾತ್ರ ಬಳಸುವುದೆಂದು ಮೇಲಿನವರು ಗೊತ್ತುಮಾಡಿದ್ದರು. ಆದರೆ ಮತ್ತೊಂದು ದಾರಿಯನ್ನು ನೋಡಿಕೊಳ್ಳುತ್ತಿದ್ದ ನಿಯಂತ್ರಕರಿಗೆ ಆ ಮಾತು ಮುಟ್ಟಿರಲಿಲ್ಲವೆಂದು ಬಳಿಕ ತಿಳಿಯಿತು. ರೇಡಾರಿನ ಮುಂದೆ ಕುಳಿತವರು ಇದನ್ನು ಕಂಡು ಒಡನೆಯೇ ತಿರುಗುವ ದಿಕ್ಕನ್ನು ಹೇಳಿದರು. ಚಾಲಕರು ಒಡನೆಯೇ ತಿರುಗಿದರು. ನೂರಾರು ಜನರು ಏನೊಂದೂ ಅರಿಯದೆ ತಮ್ಮ ಊರು ಸೇರಿದರು.

ಹಿರಿಯರು ನಿರ್ಣಯಿಸಿ, ಅದು ಯಾರಿಗೆ ಸಂಬಂಧಿಸಿದೆಯೋ ಅವರಿಗೇ ತಿಳಿಸದೆ ಉಳಿಯುವುದು ವಿಮಾನ ನಿಲ್ದಾಣದಲ್ಲಿ ಮಾತ್ರ ನಡೆಯುವ ದೋಷವಲ್ಲ. ಹತ್ತನೆಯ ತರಗತಿಯಾದ ಮೇಲೆ ಮಗಳು ಓದಬೇಕೋ ಬೇಡವೋ, ಯಾವ ಊರಿಗೆ ಹೋಗಬೇಕು, ಯಾವ ಮನೆಗೆ ಸೇರಬೇಕು ಎಂಬುದೆಲ್ಲ ಜಗಲಿಯ ಮೇಲೆ ಗೊತ್ತಾಗಿ, ಒಳಗಿರುವ ಹುಡುಗಿಗೆ ಕಡೆಯಲ್ಲಿ ತಿಳಿಯುವ ಮನೆಗಳನ್ನು ನಾವು ಬಲ್ಲೆವು. ಅವಳನ್ನು ಒಂದು ಮಾತು ಕೇಳಿದ್ದರೆ, ತಿರುಗಿ ಒಪ್ಪಿಸೆಂದಿದ್ದರೆ, 'ಆಗದು' ಎನ್ನುವುದಕ್ಕೆ ಎಡೆಗೊಟ್ಟಿದ್ದರೆ ಎಷ್ಟೋ ಬಾಳುಗಳು ಕೆಡುತ್ತಿರಲಿಲ್ಲ.

ಇದರಿಂದ ಹುಡುಗಿಯರು ಎದುರುವಾದಿಗಳಾಗುವರೆಂದು ಕೆಲವು ತಂದೆಗಳು ಅಂಜಬಹುದು. ಆ ಅಂಜಿಕೆಯನ್ನು ನಾವು ಹಾಸ್ಯಮಾಡುವುದಿಲ್ಲ. ಆದರೆ ಆಕಾಶದ ರೀತಿಯನ್ನು ನೋಡಿರಿ. 'ಆಗದು' ಎನ್ನುವ ಚಾಲಕಿಯು ಅಷ್ಟಕ್ಕೇ ನಿಲ್ಲಿಸದೆ, 'ಎದುರಿಗೆ ಬಿರುಮಳೆಯ ಮೋಡವಿದೆ, ಎಡಕ್ಕೆ ತಿರುಗಲು ಅಪ್ಪಣೆ ಬೇಕು' ಎಂದು ಕಾರಣವನ್ನೂ ಬೇರೆ ದಾರಿಯನ್ನೂ ಹೇಳುತ್ತಾಳೆ. ನಿಯಂತ್ರಕಿಯು ಮುನಿಯದೆ ಇತರರನ್ನು ಸರಿಸಿ ದಾರಿ ಮಾಡಿಕೊಡುತ್ತಾಳೆ. ಅಲ್ಲಿ ವಿಧೇಯತೆ ಇಲ್ಲವೆಂದಲ್ಲ. ಕಣ್ಣು ತೆರೆದ ವಿಧೇಯತೆಯಿದೆ. ಹಟವು ಬೇರೆ, ಕಾರಣ ಸಹಿತವಾದ ಮಾತು ಬೇರೆ. ಈ ಭೇದವನ್ನು ಕಲಿಸುವುದೇ ಶಾಲೆಯ ಕೆಲಸ.

ಈ ಕೆಲಸವು ಹೆಂಗಸರಿಗೆ ಒಗ್ಗುವುದೇ ಎಂದು ಯಾರೂ ಕೇಳಬೇಕಾಗಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ವಿದ್ಯೆ ಕಲಿತ ಉಷಾ ಸುಂದರಂ ಎಂಬ ಮಹಿಳೆಯು 1951ರಲ್ಲಿ ತಮ್ಮ ಪತಿಯೊಡನೆ ಲಂಡನ್ನಿನಿಂದ ಬೊಂಬಾಯಿಗೆ ವಿಮಾನ ನಡೆಸಿಕೊಂಡು ಬಂದರು. 2021ನೆಯ ಇಸವಿ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿ ಬೆಂಗಳೂರಿಗೆ ಬಂದಿಳಿದ ವಿಮಾನದಲ್ಲಿ ಚಾಲಕರೆಲ್ಲರೂ ಸ್ತ್ರೀಯರೇ. ನಿಯಂತ್ರಕಿಯಾಗಲು ಬಯಸುವವಳು ಭೌತಶಾಸ್ತ್ರವನ್ನೂ ಗಣಿತವನ್ನೂ ಬಿಡದೆ ಓದಿ ಪದವಿ ಪಡೆದರೆ ಪರೀಕ್ಷೆಗೆ ಕುಳಿತುಕೊಳ್ಳಬಹುದು. ತಮ್ಮ ಇಂಗ್ಲಿಷು ಹಳ್ಳಿಯದೆಂದು ನಮ್ಮ ಹುಡುಗಿಯರು ನಾಚಬೇಕಾಗಿಲ್ಲ. ರೇಡಿಯೋದಲ್ಲಿ ಬೇಕಾದುದು ಬೆಡಗಿನ ನುಡಿಯಲ್ಲ, ಇನ್ನೊಬ್ಬರಿಗೆ ತಪ್ಪಿಲ್ಲದೆ ಮುಟ್ಟುವ ನುಡಿ. ಸಂಶಯ ಬಾರದಿರಲೆಂದು ಅಲ್ಲಿ ಅಂಕಿಗಳನ್ನು ಉಚ್ಚರಿಸುವ ರೀತಿಯನ್ನು ಕೂಡ ಗೊತ್ತುಮಾಡಿದ್ದಾರೆ.

ಎಲ್ಲರೂ ಆಕಾಶಕ್ಕೆ ಏರಲಾರರು, ಏರಬೇಕೆಂದೂ ಇಲ್ಲ. ಹಲವರು ತೋಟದ ಮನೆಗಳಲ್ಲಿ, ಆಸ್ಪತ್ರೆಗಳಲ್ಲಿ, ಕಚೇರಿಗಳಲ್ಲಿ ದುಡಿಯುವರು. ಅಲ್ಲಿಯೂ ಔಷಧದ ಪ್ರಮಾಣವನ್ನು ತಿರುಗಿ ಒಪ್ಪಿಸುವ ದಾದಿಯಿಂದ ರೋಗಿಯು ಬದುಕುತ್ತಾನೆ. ಲೆಕ್ಕವನ್ನು ಮತ್ತೊಮ್ಮೆ ಕೇಳುವ ಗುಮಾಸ್ತೆಯಿಂದ ಸಂಘವು ಉಳಿಯುತ್ತದೆ. ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ: ಇಂದು ಸಂಜೆ ಮಗಳಿಗೆ ಏನನ್ನಾದರೂ ಹೇಳಿದ ಮೇಲೆ 'ತಿಳಿಯಿತೇ?' ಎಂದು ಕೇಳಬೇಡಿರಿ. 'ಏನು ತಿಳಿಯಿತು, ಹೇಳು ಮಗಳೇ' ಎಂದು ಕೇಳಿರಿ. ಅವಳು ಹೇಳುವ ತನಕ ತಾಳ್ಮೆಯಿಂದ ಕಾದಿರಿ. ನಾವು ಉಪಾಧ್ಯಾಯಿನಿಯರೂ ನಾಳೆಯಿಂದ ತರಗತಿಯಲ್ಲಿ ಹಾಗೆಯೇ ಕೇಳುವೆವು.