ಮುಖ ನೋಡಿ ಮಣೆ ಹಾಕುವ ವಿಜ್ಞಾನ

‘ಮುಖಪರಿಚಯ ಇದೆ, ಹೆಸರು ಬಾಯಿಗೆ ಬರ್ತಿಲ್ಲ’ ಎಂದು ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಾವೆಲ್ಲ ಹೇಳುತ್ತಿರುತ್ತೇವೆ. ‘ಎಲ್ಲೋ ನೋಡಿದ ಹಾಗಿದೆ’ ಎಂಬುದು ಇದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಮಾತು. ‘ಓ, ಗುರುತು ಸಿಕ್ತು’ ಎಂಬುದು ಒಂದು ಮೆಟ್ಟಿಲು ಮೇಲಿನದು. 1986ರಲ್ಲಿ ವಿಕಿ ಬ್ರೂಸ್ ಮತ್ತು ಆಂಡಿ ಯಂಗ್ ಎಂಬ ಬ್ರಿಟನ್ನಿನ ಇಬ್ಬರು ಮನಶ್ಶಾಸ್ತ್ರಜ್ಞರು, ಮನುಷ್ಯ ಮುಖವನ್ನು ಗುರುತಿಸುವ ಬಗೆಗೆ ಒಂದು ಮಾದರಿ ಕೊಟ್ಟರು. ಮೊದಲು ಈ ಮುಖ ಕಂಡದ್ದು ಎಂಬ ಅನಿಸಿಕೆ, ಆಮೇಲೆ ಅದು ಯಾರದು ಎಂಬ ಅರಿವು, ಕಟ್ಟಕಡೆಗೆ ಹೆಸರು. ಮುಖಗ್ರಹಿಕೆಯ ಅಧ್ಯಯನಕ್ಕೆ ಬರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಇದನ್ನು ಮೊದಲ ವರ್ಷವೇ ಕಲಿಯುತ್ತಾನೆ. ಇದರ ಮೆಟ್ಟಿಲುಗಳು ಅವನ ಮನೆಯ ಮಾತಿನಲ್ಲೇ ಇವೆ ಎಂದು ಮಾತ್ರ ಅವನಿಗೆ ಯಾರೂ ಹೇಳುವುದಿಲ್ಲ.

ಹೇಳದೆ ಇರುವುದು ಮರೆವಿನಿಂದಲ್ಲ ಎಂಬುದು ನನ್ನ ತಕರಾರು. ನಮ್ಮ ದೇಶದಲ್ಲಿ ಅರಿವಿನ ನರವಿಜ್ಞಾನದಲ್ಲಿ ಸಂಶೋಧನೆಯನ್ನೇ ಬದುಕಾಗಿ ಆರಿಸಿಕೊಳ್ಳುವವರಿಗೆ ಮೊದಲು ಕೊಡುವ ತರಬೇತಿಯೇ ತಮ್ಮ ಸುತ್ತಲಿನ ಮುಖಗಳನ್ನು ಕಾಣದಂತೆ ಮಾಡುವ ತರಬೇತಿ. ಇದು ತಪ್ಪು ಎನ್ನುವುದಕ್ಕೆ ನಾನು ದೇಶಾಭಿಮಾನದ ಮೊರೆ ಹೋಗಬೇಕಿಲ್ಲ, ಈ ಶಾಸ್ತ್ರವೇ ಕಂಡುಕೊಂಡ ಸತ್ಯಗಳು ಸಾಕು.

ಆ ಸತ್ಯಗಳು ಸೊಗಸಾದವು. 1947ರಲ್ಲಿ ಬೋಡಾಮರ್ ಎಂಬ ಜರ್ಮನ್ ನರವೈದ್ಯ, ತಲೆಗೆ ಪೆಟ್ಟು ಬಿದ್ದು ಬೇರೆಲ್ಲ ಕಂಡರೂ ಮುಖ ಮಾತ್ರ ಗುರುತಿಸಲಾರದ ಸೈನಿಕರ ಬಗ್ಗೆ ಬರೆದು, ಆ ಸ್ಥಿತಿಗೆ ಪ್ರೋಸೊಪ್ಯಾಗ್ನೋಸಿಯಾ ಎಂದು ಹೆಸರಿಟ್ಟ. ಕನ್ನಡದಲ್ಲಿ ಮುಖಗುರುಡು ಎನ್ನಬಹುದು. ಸಾಹಿತ್ಯದ ಓದುಗರು ಬಲ್ಲ ಆಲಿವರ್ ಸ್ಯಾಕ್ಸ್‌ಗೆ ಸ್ವತಃ ಈ ತೊಂದರೆ ಇತ್ತು. 1997ರಲ್ಲಿ ನ್ಯಾನ್ಸಿ ಕ್ಯಾನ್ವಿಶರ್ ಮತ್ತು ಸಂಗಡಿಗರು, ಬೇರೆ ವಸ್ತುಗಳಿಗಿಂತ ಮುಖ ಕಂಡಾಗ ಹೆಚ್ಚು ಚುರುಕಾಗುವ ಒಂದು ಪುಟ್ಟ ಪ್ರದೇಶವನ್ನು ಮಿದುಳಿನ ತಳಭಾಗದಲ್ಲಿ ತೋರಿಸಿದರು. 2002ರಲ್ಲಿ ಪ್ಯಾಸ್ಕಲಿಸ್ ಮತ್ತು ಸಂಗಡಿಗರು ಇನ್ನೂ ವಿಚಿತ್ರವಾದದ್ದನ್ನು ಕಂಡರು. ಆರು ತಿಂಗಳ ಮಗು ಒಂದು ಕೋತಿಯ ಮುಖಕ್ಕೂ ಇನ್ನೊಂದರ ಮುಖಕ್ಕೂ ಇರುವ ವ್ಯತ್ಯಾಸ ಹಿಡಿಯುತ್ತದೆ, ಒಂಬತ್ತು ತಿಂಗಳಾಗುವಷ್ಟರಲ್ಲಿ ಅದು ಮಗುವಿಗೆ ಆಗುವುದಿಲ್ಲ. ಮೂರು ತಿಂಗಳಲ್ಲಿ ಬೇರೆ ಬೇರೆ ಜನಾಂಗಗಳ ಮುಖಗಳನ್ನೆಲ್ಲ ಬೇರ್ಪಡಿಸಬಲ್ಲ ಮಗು, ಒಂಬತ್ತು ತಿಂಗಳಿಗೆ ತನ್ನ ಮನೆಯಲ್ಲಿ ಕಾಣುವಂಥ ಮುಖಗಳಿಗೆ ಮಾತ್ರ ಒಗ್ಗಿಕೊಂಡಿರುತ್ತದೆ ಎಂದು 2007ರಲ್ಲಿ ಇನ್ನೊಂದು ಅಧ್ಯಯನ ತೋರಿಸಿತು.

ಅಂದರೆ ಕಣ್ಣು ಪಳಗುವುದೆಂದರೆ ಅರ್ಧ ಕುರುಡಾಗುವುದೂ ಹೌದು. ಸಂಶೋಧನೆಯ ತರಬೇತಿಯಲ್ಲಿ ಆಗುವುದೂ ಇದೇ. ಹೊಸದಾಗಿ ಸೇರಿದ ವಿದ್ಯಾರ್ಥಿಗೆ ಎಲ್ಲ ಪ್ರಶ್ನೆಗಳೂ ಕಾಣುತ್ತವೆ. ಸೋದರಮಾವನನ್ನು ಮದುವೆಯಾಗುವ ಪದ್ಧತಿ ಇರುವ ಮನೆತನಗಳಲ್ಲಿ, ‘ಥೇಟ್ ಅಜ್ಜಿ’, ‘ಅಪ್ಪನನ್ನೇ ಎರಕ ಹೊಯ್ದ ಹಾಗೆ’ ಎಂದು ಹೋಲಿಕೆ ಹಿಡಿಯುವ ಕಣ್ಣು ಏನನ್ನು ನೋಡುತ್ತದೆ? ಸೆರಗು, ಬುರ್ಖಾಗಳ ನಡುವೆ ಬೆಳೆದ ಮಗು ಬರೀ ಕಣ್ಣಿನಿಂದ ಎಷ್ಟು ಗುರುತಿಸುತ್ತದೆ? ಮೀಸೆ, ಕುಂಕುಮ, ವಿಭೂತಿ ಮುಖದ ಭಾಗವೋ, ಮೇಲಿನ ಅಲಂಕಾರವೋ? ಐದಾರು ವರ್ಷ ಕಳೆಯುವಷ್ಟರಲ್ಲಿ ಇವೆಲ್ಲ ಉದುರಿಹೋಗಿ, ದೊಡ್ಡ ಪತ್ರಿಕೆಗಳು ಕಳೆದ ವರ್ಷ ಅಚ್ಚು ಹಾಕಿದ ಪ್ರಶ್ನೆಯ ಮುಂದಿನ ಕಂತು ಮಾತ್ರ ಉಳಿದಿರುತ್ತದೆ. ಇದನ್ನು ನಾವು ಪರಿಣತಿ ಎಂದು ಕರೆಯುತ್ತೇವೆ.

ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಸಾಧನಗಳಲ್ಲಿ ಒಂದು 2006ರ ಕೇಂಬ್ರಿಡ್ಜ್ ಮುಖಸ್ಮೃತಿ ಪರೀಕ್ಷೆ. ಅದರಲ್ಲಿರುವುದು ಬಿಳಿಯ ಯುವಕರ ಮುಖಗಳು, ತಲೆಗೂದಲು ಕಾಣದಂತೆ ಕತ್ತರಿಸಿದವು. ಅದನ್ನು ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ಅಜ್ಜಿಯೊಬ್ಬರು ನನ್ನನ್ನು ಕೇಳಿದರು: ‘ಇವ್ರೆಲ್ಲ ಅಣ್ತಮ್ಮಂದಿರೇನವ್ವಾ?’ ಅಂಕಗಳನ್ನಷ್ಟೇ ನೋಡಿದರೆ ಆಕೆ ಮುಖಗುರುಡಿನ ಅಂಚಿನಲ್ಲಿದ್ದರು. ಜಾತ್ರೆಯ ಜನಜಂಗುಳಿಯಲ್ಲಿ ನಿಂತು, ಇಪ್ಪತ್ತು ವರ್ಷದಿಂದ ಊರಿಗೆ ಬಾರದವನ ಮಗನನ್ನು ತಡೆದು ‘ನೀನು ಕೆಳಗಿನ್ಮನೆಯವರ ಹುಡುಗ ಅಲ್ವೇನಪ್ಪಾ’ ಎನ್ನುವವರೂ ಅವರೇ. ಅಜ್ಜಿಯ ಕಣ್ಣಿನಲ್ಲಿ ಕೊರತೆ ಇರಲಿಲ್ಲ. ತಾವು ಕಂಡು ಬೆಳೆದಂಥ ಮುಖಗಳಿಗಿಂತ ಬೇರೆಯ ಮುಖಗಳು ಒಂದೇ ಥರ ಕಾಣುತ್ತವೆ ಎಂಬುದು 1969ರಿಂದಲೂ ಪ್ರಯೋಗಗಳಲ್ಲಿ ದಾಖಲಾಗುತ್ತ ಬಂದ ಸಂಗತಿ. ಅದು ಗೊತ್ತಿದ್ದರಿಂದಲೇ ಆಸ್ಟ್ರೇಲಿಯಾದವರು ಮುಂದಾಗಿ 2012ರಲ್ಲಿ ಇದೇ ಪರೀಕ್ಷೆಗೆ ಚೀನೀ ಮುಖಗಳ ಆವೃತ್ತಿ ಮಾಡಿದರು. ಹಾಗಿದ್ದೂ ನಮ್ಮಲ್ಲಿ ಎಷ್ಟೋ ಕಡೆ ಆ ಹಳೆಯ ಬಿಳಿಯ ಯುವಕರೇ ಇನ್ನೂ ಓಡಾಡುತ್ತಿದ್ದಾರೆ. ಕಾರಣ ಸರಳ: ಅವರಿದ್ದರೆ ಪ್ರಬಂಧ ಬೇಗ ಒಪ್ಪಿತವಾಗುತ್ತದೆ.

ಇದಕ್ಕೆ ಸಿದ್ಧ ಉತ್ತರವೊಂದಿದೆ. ‘ವಿಜ್ಞಾನಕ್ಕೆ ತವರೂರಿಲ್ಲ. ಮಿದುಳು ಎಲ್ಲರಿಗೂ ಒಂದೇ. ನಿಮ್ಮದು ಪ್ರಾದೇಶಿಕ ಪ್ರಶ್ನೆ.’ ಸೆಮಿನಾರುಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮಿದುಳಿನ ರಚನೆ ಒಂದೇ ಎಂಬುದನ್ನು ಒಪ್ಪೋಣ. ಆದರೆ ‘ಪ್ರಾದೇಶಿಕ’ ಎಂಬ ಮಾತು ಯಾರ ಮೇಲೆ ಬೀಳುತ್ತದೆ, ಯಾರ ಮೇಲೆ ಬೀಳುವುದಿಲ್ಲ ಎಂಬುದನ್ನು ಗಮನಿಸಿ. 2015ರಲ್ಲಿ ಅಮೆರಿಕದ ಉತ್ತರ ಡಕೋಟಾದಲ್ಲಿ ಬೆಂಜಮಿನ್ ಬಲಾಸ್ ಮತ್ತು ಆಲಿಸನ್ ಸ್ಯಾವಿಲ್ ಎಂಬ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಆ ರಾಜ್ಯದ ತುಂಬ ಸಣ್ಣ ಸಣ್ಣ ಊರುಗಳು. ಸಾವಿರಕ್ಕಿಂತ ಕಡಿಮೆ ಜನರಿರುವ ಊರಿನಲ್ಲಿ ಬೆಳೆದವರ ಮುಖಸ್ಮೃತಿಯನ್ನೂ, ಮುಖ ಕಂಡಾಗ ಅವರ ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆಯನ್ನೂ ದೊಡ್ಡ ಊರಿನಲ್ಲಿ ಬೆಳೆದವರದರೊಂದಿಗೆ ಹೋಲಿಸಿದರು. ಎರಡರಲ್ಲೂ ವ್ಯತ್ಯಾಸವಿತ್ತು. ಚಿಕ್ಕಂದಿನಲ್ಲಿ ಎಷ್ಟು ಮುಖ ಕಂಡಿದ್ದೇವೆ ಎಂಬುದು ಮಿದುಳಿನಲ್ಲಿ ಗುರುತು ಬಿಟ್ಟಿರುತ್ತದೆ ಎಂದಾಯಿತು.

ಎಷ್ಟು ಚೆಂದದ ಪ್ರಶ್ನೆ! ತಮ್ಮ ಕಿಟಕಿಯಾಚೆ ಕಂಡದ್ದನ್ನೇ ಅವರು ಕೇಳಿದರು. ಅದು ಪ್ರಾದೇಶಿಕ ಎನಿಸಿಕೊಳ್ಳಲಿಲ್ಲ, ಮನುಷ್ಯನ ಬಗ್ಗೆ ಎನಿಸಿಕೊಂಡಿತು. ಇದೇ ಪ್ರಶ್ನೆಯನ್ನು ಇಟ್ಟುಕೊಂಡು ನಮ್ಮ ಹುಡುಗಿಯೊಬ್ಬಳು ಮಲೆನಾಡಿನ ಒಂಟಿಮನೆಗಳಿಗೂ ಬೆಂಗಳೂರಿನ ವಠಾರಗಳಿಗೂ ಹೊರಟರೆ ‘ಸ್ಯಾಂಪಲ್ ಸ್ಥಳೀಯವಾಯಿತಲ್ಲ, ಇದು ಉಳಿದವರಿಗೆ ಹೇಗೆ ಅನ್ವಯ?’ ಎಂಬ ಷರಾ ಬರುತ್ತದೆ. ಮುಖ್ಯ ಮನಶ್ಶಾಸ್ತ್ರ ಪತ್ರಿಕೆಗಳಲ್ಲಿ ಅಧ್ಯಯನಕ್ಕೆ ಒಳಗಾದವರಲ್ಲಿ ಶೇ. 96ರಷ್ಟು ಮಂದಿ, ಜಗತ್ತಿನ ಜನಸಂಖ್ಯೆಯ ಶೇ. 12ರಷ್ಟಿರುವ ಪಾಶ್ಚಾತ್ಯ ದೇಶಗಳವರು ಎಂದು ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲಿ ಎತ್ತಿ ತೋರಿಸಿದರು. ಹಾಗಾದರೆ ಪ್ರಾದೇಶಿಕರು ಯಾರು? ಮುಖ ನೋಡಿ ಮಣೆ ಹಾಕುವುದೆಂದರೆ ಇದೇ.

ನಮ್ಮ ನೆಲದಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಎಂಐಟಿಯ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್, ಹುಟ್ಟಿನಿಂದ ಕಣ್ಣಿನ ಪೊರೆಯಿದ್ದ ಉತ್ತರ ಭಾರತದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿತು. ವರ್ಷಗಟ್ಟಲೆ ಏನೂ ಕಾಣದಿದ್ದ ಮಕ್ಕಳು ಕೂಡ ಮುಖವನ್ನು ಮುಖವಲ್ಲದ್ದರಿಂದ ಬೇರ್ಪಡಿಸಲು ಕಲಿಯಬಲ್ಲರು ಎಂದು ತೋರಿಸಿತು. ಮಕ್ಕಳಿಗೆ ಕಣ್ಣು ಬಂತು, ಜಗತ್ತಿಗೆ ಅರಿವು ಬಂತು, ಎರಡಕ್ಕೂ ಕೈಮುಗಿಯೋಣ. ಆದರೆ ಆ ಮಕ್ಕಳ ಪಕ್ಕದ ಊರಿನಲ್ಲಿ ಓದಿದ ವಿದ್ಯಾರ್ಥಿ ಇದೇ ಪ್ರಶ್ನೆ ಕೇಳಬೇಕಾದರೆ ಮೊದಲು ಬಾಸ್ಟನ್ನಿಗೆ ಹೋಗಿ ಬರಬೇಕೇ? ಬೇಕಿಲ್ಲ ಎನ್ನಲು ಬೆಂಗಳೂರಿನಲ್ಲೇ ಸಾಕ್ಷಿ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹರೀಶ್ ಕಟ್ಟಿ ಮತ್ತು ಎಸ್. ಪಿ. ಅರುಣ್ ಅವರು 1,600ಕ್ಕೂ ಹೆಚ್ಚು ಭಾರತೀಯ ಮುಖಗಳ ಸಂಗ್ರಹ ಮಾಡಿ, ‘ಇವರು ಉತ್ತರದವರೋ ದಕ್ಷಿಣದವರೋ’ ಎಂಬ ನಮ್ಮ ರೈಲು ಪ್ರಯಾಣದ ಹರಟೆಯ ಪ್ರಶ್ನೆಯನ್ನೇ ಮನುಷ್ಯರಿಗೂ ಯಂತ್ರಕ್ಕೂ ಕೇಳಿದರು. ಇಬ್ಬರೂ ತಪ್ಪುವ ಬಗೆ ಬೇರೆ ಬೇರೆ ಎಂದು 2019ರಲ್ಲಿ ಪ್ರಕಟಿಸಿದರು. ಮನೆಯ ಪ್ರಶ್ನೆಯೇ ಲೋಕದ ಪ್ರಶ್ನೆಯಾಯಿತು. ಇಂಥದ್ದು ಅಪರೂಪವಾಗಿ ಉಳಿದಿರುವುದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ, ಬದುಕಿನ ಲೆಕ್ಕಾಚಾರ ಕಾರಣ.

ಆ ಲೆಕ್ಕವನ್ನೂ ನೋಡೋಣ. 2023ರ ಜನವರಿಯಿಂದ ಕಿರಿಯ ಸಂಶೋಧಕರ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಹಿರಿಯರದು 42,000. ನೆಟ್ ಪರೀಕ್ಷೆಯಲ್ಲಿ ಗೆದ್ದವರಿಗೆ ಇದು. ಉಳಿದವರ ಪಾಡು ಬೇರೆ. ಆ ಹಣವೂ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ತಡವಾಗಿ, ಗಂಟುಗಂಟಾಗಿ ಬರುತ್ತದೆ. ಅಲ್ಲಿಯವರೆಗೆ ಪಿಜಿಯ ಬಾಡಿಗೆ ಗೆಳೆಯರ ಸಾಲ. ಇತ್ತ ನೇಚರ್ ಬಳಗದ ಪತ್ರಿಕೆಗಳು ಎಲ್ಲರೂ ಉಚಿತವಾಗಿ ಓದುವಂತೆ ಪ್ರಬಂಧ ಪ್ರಕಟಿಸಲು 2021ರಿಂದ ಕೇಳತೊಡಗಿದ ಶುಲ್ಕ 9,500 ಯೂರೋ. ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿ ಮೀರುತ್ತದೆ. ಅಂದರೆ ನಮ್ಮ ಸಂಶೋಧಕಿಯ ಎರಡು ವರ್ಷದ ಊಟ, ಬಾಡಿಗೆ, ಬಸ್ಸು ಎಲ್ಲ ಸೇರಿ ಒಂದು ಪ್ರಬಂಧದ ಬೆಲೆಗೆ ಹತ್ತಿರ. ಹಣ ಕೊಡದೆ ಚಂದಾದಾರರಿಗೆ ಮಾತ್ರ ಕಾಣುವಂತೆ ಪ್ರಕಟಿಸುವ ದಾರಿ ಇದೆ ಎನ್ನಿ. ಆದರೆ ಹೆಚ್ಚು ಜನ ಓದಿದ್ದು ಹೆಚ್ಚು ಉಲ್ಲೇಖವಾಗುತ್ತದೆ, ಹೆಚ್ಚು ಉಲ್ಲೇಖವಾದವರಿಗೆ ಕೆಲಸ ಸಿಗುತ್ತದೆ. ಎಂಆರ್‌ಐ ಯಂತ್ರಗಳು ಬಹುಪಾಲು ರೋಗಿಗಳಿಗೆ ಮೀಸಲು, ಅದು ಸರಿಯೇ. ಸಂಶೋಧನೆಗೆ ಸಿಗುವುದು ರಾತ್ರಿಯ ಪಾಳಿ. ಹೆಣ್ಣುಮಕ್ಕಳು ಆ ಹೊತ್ತಿನಲ್ಲಿ ಹೇಗೆ ಹೋಗಿ ಬರುತ್ತಾರೆ ಎಂಬುದು ಯಾವ ಪ್ರಾಜೆಕ್ಟ್ ಪ್ರಸ್ತಾವದಲ್ಲೂ ಬರೆಯದ ಖರ್ಚು.

ಇಷ್ಟೆಲ್ಲ ಸಂಶೋಧಕರ ಗೋಳು, ನಮಗೇನು ಎಂದು ಸಾಹಿತ್ಯದ ಓದುಗರು ಕೇಳಬಹುದು. 2025ರ ಜುಲೈಯಿಂದ ಅಂಗನವಾಡಿಗಳಲ್ಲಿ ಗರ್ಭಿಣಿಯರು, ಬಾಣಂತಿಯರು ಮನೆಗೊಯ್ಯುವ ಆಹಾರಕ್ಕೆ ಪೋಷಣ್ ಟ್ರ್ಯಾಕರಿನಲ್ಲಿ ಮುಖ ತೋರಿಸುವುದು ಕಡ್ಡಾಯವಾಗಿದೆ. ಮೊಬೈಲು ಒಪ್ಪದಿದ್ದರೆ ಜಗಳ ಬೀಳುವುದು ಕಾರ್ಯಕರ್ತೆಯ ತಲೆಗೆ. ಶೇ. 80ರಷ್ಟು ಹೋಲಿಕೆ ಬಂದರೆ ಅದನ್ನು ಹೊಂದಿಕೆ ಎಂದೇ ಎಣಿಸುತ್ತೇವೆ ಎಂದು ದೆಹಲಿ ಪೊಲೀಸರು 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸಿದ್ದಾರೆ. ಎಂಬತ್ತೇ ಏಕೆ? ಯಂತ್ರ ತೋರಿಸಿದ್ದನ್ನು ಕೊನೆಗೆ ಮನುಷ್ಯರೇ ನೋಡುತ್ತಾರಲ್ಲ ಎಂದರೆ, ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಅಧಿಕಾರಿಗಳ ಮೇಲೆ ನಡೆದ 2014ರ ಅಧ್ಯಯನವನ್ನು ನೆನೆಯಿರಿ. ಎದುರಿಗೆ ನಿಂತವನದಲ್ಲದ ಫೋಟೊವನ್ನು ಅವರು ಶೇ. 14ರಷ್ಟು ಸಲ ಅವನದೇ ಎಂದು ಒಪ್ಪಿದರು. ಅಪರಿಚಿತರ ಮುಖ ಹೋಲಿಸುವುದರಲ್ಲಿ ಅವರು ವಿದ್ಯಾರ್ಥಿಗಳಿಗಿಂತ ಮೇಲಾಗಿರಲಿಲ್ಲ. ನಮ್ಮ ಠಾಣೆಯಲ್ಲಿ, ನಮ್ಮ ಮುಖಗಳ ಮೇಲೆ ಈ ತಪ್ಪು ಎಷ್ಟಾಗುತ್ತದೆ? ಬಸುರಿಯಲ್ಲಿ, ರಕ್ತಹೀನತೆಯಲ್ಲಿ, ಬಿಸಿಲಿನ ದುಡಿಮೆಯಲ್ಲಿ ಬದಲಾಗುವ ಮುಖವನ್ನು ಯಂತ್ರವೂ ಮನುಷ್ಯರೂ ಎಷ್ಟು ಹಿಡಿಯುತ್ತಾರೆ? ಇಂಥ ಪ್ರಶ್ನೆ ಕೇಳಿದವರಿಗೆ ಕೆಲಸ ಸಿಗುವುದಿಲ್ಲ ಎಂದಾದರೆ, ಅದರ ಬೆಲೆ ತೆರುವುದು ಸಂಶೋಧಕರಲ್ಲ, ಅಂಗನವಾಡಿಯ ಸಾಲಿನಲ್ಲಿ ನಿಂತ ಹೆಂಗಸು.

ಇನ್ನು ಭಾಷೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಅಧ್ಯಯನವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದವರು. ಆಕಾಶವಾಣಿ ಎಂಬ ಹೆಸರು ಬಂದದ್ದು ಆ ಮನೆಯಿಂದ. ಪ್ರಯೋಗಶಾಲೆಯೂ ಜನರ ಕಿವಿಯೂ ಒಬ್ಬನೇ ಮೇಷ್ಟರಿಗೆ ದೂರವಾಗಿರಲಿಲ್ಲ. ಇಂದು ಅದೇ ಶಾಸ್ತ್ರದ ನೆಟ್ ಪರೀಕ್ಷೆ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ. ಪ್ರಯೋಗಕ್ಕೆ ಕೂರುವ ರೈತನಿಗೆ ಕೊಡುವ ಒಪ್ಪಿಗೆ ಪತ್ರ ಯಂತ್ರಾನುವಾದದ ಕನ್ನಡದಲ್ಲಿರುತ್ತದೆ, ಓದಿದರೆ ಆತ ಏನನ್ನು ಒಪ್ಪುತ್ತಿದ್ದಾನೆಂದು ಬರೆದವರಿಗೂ ತಿಳಿಯದು. ಮುಖಪರಿಚಯಕ್ಕೂ ಗುರುತಿಗೂ ಇರುವ ಅಂತರವನ್ನು ಪ್ರಶ್ನಾವಳಿ ಒಂದೇ ಪದದಲ್ಲಿ ಮುಗಿಸಿದರೆ, ಬರುವ ಉತ್ತರವೂ ಕಲಸುಮೇಲೋಗರವೇ. ಇದು ಭಾಷಾಭಿಮಾನದ ಮಾತಲ್ಲ, ಅಳತೆಗೋಲು ಸರಿಯಿರಬೇಕೆಂಬ ಮಾತು.

ಹಾಗಾಗಿ ಕೇಳುವುದು ದೊಡ್ಡದೇನಲ್ಲ. ಫೆಲೋಶಿಪ್ ಪ್ರತಿ ತಿಂಗಳೂ ಬರಲಿ. ನಮ್ಮ ಮುಖಗಳ ಸಂಗ್ರಹವನ್ನು, ಮುಖ ಕೊಟ್ಟವರು ಅರಿತು ಒಪ್ಪಿದ ಮೇಲೆ, ಶ್ರಮಪಟ್ಟು ಕಟ್ಟಿದವರಿಗೆ ನೇಮಕಾತಿಯಲ್ಲಿ ಅದು ಒಂದು ಪ್ರಬಂಧದಷ್ಟೇ ತೂಗಲಿ. ಕರ್ನಾಟಕದಲ್ಲಿ ನಡೆದ ಪ್ರತಿ ಅಧ್ಯಯನದ ಫಲಿತಾಂಶವೂ ಅದರಲ್ಲಿ ಪಾಲ್ಗೊಂಡವರಿಗೆ ನಾಲ್ಕು ಪುಟದ ಒಳ್ಳೆಯ ಕನ್ನಡದಲ್ಲಿ ತಲುಪಲಿ, ಅದಿಲ್ಲದೆ ಥೀಸಿಸ್ ಒಪ್ಪಬಾರದು. ಸಂದರ್ಶನದಲ್ಲಿ ‘ಪೋಸ್ಟ್‌ಡಾಕ್ ಎಲ್ಲಿ ಮಾಡಿದಿರಿ’ ಎನ್ನುವ ಮೊದಲು ‘ನಿಮ್ಮ ಪ್ರಶ್ನೆ ಏನು’ ಎಂದು ಕೇಳಲಿ.

ಈ ಕ್ಷೇತ್ರಕ್ಕೆ ಬರಬೇಕೆಂದಿರುವ ತಂಗಿಯರಿಗೆ, ತಮ್ಮಂದಿರಿಗೆ ಬರಬೇಡಿ ಎಂದು ನಾನು ಹೇಳಲಾರೆ. ಹೊರದೇಶಕ್ಕೆ ಹೋಗಬೇಡಿ ಎಂದೂ ಅಲ್ಲ, ಹೋಗಿ, ಕಲಿಯಿರಿ. ಬರುವಾಗ ಮಾತ್ರ ನಿಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಹುಟ್ಟಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಬನ್ನಿ. ಒಂಬತ್ತು ತಿಂಗಳಿಗೆ ಮುಚ್ಚಿಕೊಳ್ಳುವ ಮಗುವಿನ ಕಣ್ಣು ಕೂಡ, ಬೇರೆ ಬೇರೆ ಮುಖಗಳನ್ನು ತೋರಿಸುತ್ತಲೇ ಇದ್ದರೆ ಅಷ್ಟಾಗಿ ಮುಚ್ಚಿಕೊಳ್ಳುವುದಿಲ್ಲ ಎಂದು ಇದೇ ಶಾಸ್ತ್ರ ಹೇಳುತ್ತದೆ.