ವಿಡಿಯೊ ಪಾಠದ ಅಕ್ಷರಗಳಿಗೂ ಕಪ್ಪುಹಲಗೆಯ ಅಳತೆಗೋಲು ಬೇಕು

ಸೂಕ್ಷ್ಮ ಬೋಧನೆಯಲ್ಲಿ ಕಪ್ಪುಹಲಗೆ ಬಳಕೆಯ ಕೌಶಲವನ್ನು ನಾವು ಪ್ರತ್ಯೇಕವಾಗಿ ಅಭ್ಯಾಸ ಮಾಡುತ್ತೇವೆ. ಅಕ್ಷರ ಹಿಂದಿನ ಬೆಂಚಿಗೂ ಕಾಣುತ್ತದೆಯೇ, ಸಾಲು ನೇರವಾಗಿದೆಯೇ, ಬೇಡವಾದದ್ದನ್ನು ಅಳಿಸಿದ್ದಾರೆಯೇ ಎಂದು ವೀಕ್ಷಕರು ನೋಡಿ ಅಂಕ ಕೊಡುತ್ತಾರೆ. ಅದೇ ಪ್ರಶಿಕ್ಷಣಾರ್ಥಿ ಐದು ನಿಮಿಷದ ವಿಡಿಯೊ ಪಾಠ ತಯಾರಿಸಿದಾಗ ಈ ಪ್ರಶ್ನೆಗಳು ಬರುವುದೇ ಅಪರೂಪ. ಧ್ವನಿ ಸ್ಪಷ್ಟವಾಗಿದೆ, ಚಿತ್ರಗಳು ಚೆನ್ನಾಗಿವೆ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಪರದೆಯ ಮೇಲಿನ ಬರಹವನ್ನೂ ಕಪ್ಪುಹಲಗೆ ಕಾರ್ಯದಂತೆಯೇ ಪರಿಶೀಲಿಸಿ ಅಂಕ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಹತ್ತನೇ ತರಗತಿಯ ಓಮ್‌ನ ನಿಯಮದ ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. ಮೊದಲ ಸಾಲು ‘ವಿಭವಾಂತರ = ವಿದ್ಯುತ್ ಪ್ರವಾಹ × ರೋಧ’. ಎರಡನೆಯದು ‘= 2 ಆಂಪಿಯರ್ × 5 ಓಮ್’. ಮೂರನೆಯದು ‘= 10 ವೋಲ್ಟ್’. ಹಲಗೆಯ ಮೇಲೆ ಸಮ ಚಿಹ್ನೆಗಳನ್ನು ಒಂದರ ಕೆಳಗೊಂದು ಬರೆಯುತ್ತೇವೆ. ವಿಡಿಯೊದಲ್ಲಿ ಮೂರೂ ಸಾಲುಗಳನ್ನು ಮಧ್ಯಕ್ಕೆ ಜೋಡಿಸಿದರೆ ಸಾಲಿನ ಉದ್ದಕ್ಕೆ ತಕ್ಕಂತೆ ಚಿಹ್ನೆ ಅತ್ತಿತ್ತ ಸರಿಯುತ್ತದೆ. ಯಾವುದು ಯಾವುದಕ್ಕೆ ಸಮ ಎಂದು ವಿದ್ಯಾರ್ಥಿ ಪ್ರತಿ ಸಾಲಿನಲ್ಲೂ ಹೊಸದಾಗಿ ಹುಡುಕಬೇಕಾಗುತ್ತದೆ. ಹಲಗೆಯ ಬಳಿ ನಿಂತಾಗ ಬೆರಳಿಟ್ಟು ತೋರಿಸಬಹುದು. ವಿಡಿಯೊದಲ್ಲಿ ಆ ಕೆಲಸವನ್ನು ಜೋಡಣೆಯೇ ಮಾಡಬೇಕು.

ಇಲ್ಲಿ ಗೊಂದಲಕ್ಕೆ ಕಾರಣವಾಗುವುದು ಎರಡು ಬಗೆಯ ಜೋಡಣೆ. ಪಠ್ಯ ಪೆಟ್ಟಿಗೆಯೊಳಗೆ ಸಾಲುಗಳು ಎಡಕ್ಕೋ ಬಲಕ್ಕೋ ಮಧ್ಯಕ್ಕೋ ಹೊಂದಿಕೊಳ್ಳುವುದು ಒಂದು. ಇಡೀ ಪೆಟ್ಟಿಗೆ ಪರದೆಯ ಯಾವ ಭಾಗದಲ್ಲಿರುತ್ತದೆ ಎಂಬುದು ಇನ್ನೊಂದು. ಕೆಡೆನ್‌ಲೈವ್‌ನಂತಹ ಉಚಿತ ತಂತ್ರಾಂಶದಲ್ಲೂ ಇವೆರಡಕ್ಕೆ ಬೇರೆ ಬೇರೆ ಗುಂಡಿಗಳಿವೆ. ಪೆಟ್ಟಿಗೆಯನ್ನು ಪರದೆಯ ನಡುವೆ ಇಟ್ಟು, ಒಳಗಿನ ಸಾಲುಗಳನ್ನು ಎಡಕ್ಕೆ ಹೊಂದಿಸಬಹುದು. ಲೆಕ್ಕಕ್ಕೆ ಎರಡು ಪೆಟ್ಟಿಗೆ ಬಳಸುವುದು ಸುಲಭ: ಎಡಗಡೆಯದರಲ್ಲಿ ‘ವಿಭವಾಂತರ’, ಬಲಗಡೆಯದರಲ್ಲಿ ಸಮ ಚಿಹ್ನೆಯಿಂದ ಶುರುವಾಗುವ ಮೂರು ಸಾಲು. ಸ್ಪೇಸ್ ಒತ್ತಿ ಒತ್ತಿ ಸರಿಪಡಿಸಿದ್ದು ಫಾಂಟ್ ಬದಲಾದ ಕೂಡಲೇ ಕೆಡುತ್ತದೆ.

ಕನ್ನಡ ಮಾಧ್ಯಮದವರು ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬೇಕು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಚಿಹ್ನೆಗಳು ಮೇಲಕ್ಕೆ ಏರುತ್ತವೆ. ‘ದ್ಯುತಿಸಂಶ್ಲೇಷಣ ಕ್ರಿಯೆ’ ಎಂಬ ಸಾಲಿನ ಕೆಳಗೆ ‘ಪತ್ರಹರಿತ್ತಿನ ಪಾತ್ರ’ ಎಂದು ಒತ್ತೊತ್ತಾಗಿ ಬರೆದರೆ ಮೇಲಿನ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಒಂದೊಂದೇ ಅಕ್ಷರ ಮೂಡಿಸುವ ಟೈಪ್‌ರೈಟರ್ ಪರಿಣಾಮವೂ ನಮಗೆ ಹೊಂದುವುದಿಲ್ಲ. ಕೆಲವು ತಂತ್ರಾಂಶಗಳಲ್ಲಿ ‘ಕ್ರಿಯೆ’ ಎಂಬುದು ‘ಕ’, ‘ಕ್’, ‘ಕ್ರ’, ‘ಕ್ರಿ’ ಎಂದು ಕಣ್ಣೆದುರೇ ರೂಪ ಬದಲಿಸುತ್ತ ಹೋಗುತ್ತದೆ. ಇಡೀ ಪದವನ್ನು ಅಥವಾ ಇಡೀ ಸಾಲನ್ನು ಒಮ್ಮೆಗೇ ತೋರಿಸುವುದು ಲೇಸು. ಉದ್ದ ಪದಗಳಿರುವ ಕನ್ನಡದ ಸಾಲನ್ನು ಎರಡೂ ಅಂಚಿಗೆ ಎಳೆದು ಹೊಂದಿಸಿದರೆ ಪದಗಳ ನಡುವೆ ಕಂದಕ ಬೀಳುತ್ತದೆ. ಎಡಕ್ಕೆ ಹೊಂದಿಸುವುದೇ ಮೇಲು.

ಬರಹದ ಸ್ಥಾನವೂ ಬೋಧನೆಯ ಭಾಗವೇ. ಹೃದಯದ ಚಿತ್ರ ಎಡಗಡೆಯಿದ್ದು, ಅದರ ಭಾಗಗಳ ಹೆಸರೆಲ್ಲ ಪರದೆಯ ತಳದಲ್ಲಿದ್ದರೆ ಕಣ್ಣು ಮೇಲೆ ಕೆಳಗೆ ಓಡಾಡಬೇಕು. ಪದ ಮತ್ತು ಚಿತ್ರ ಹತ್ತಿರವಿದ್ದರೆ ಕಲಿಕೆ ಸುಗಮ ಎಂದು ಬಹುಮಾಧ್ಯಮ ಕಲಿಕೆಯ ಸಂಶೋಧಕ ರಿಚರ್ಡ್ ಮೇಯರ್ ಪ್ರತಿಪಾದಿಸಿದ್ದಾರೆ. ಜೊತೆಗೆ, ಮೊಬೈಲಿನಲ್ಲಿ ವಿಡಿಯೊ ತಡೆದು ನಿಲ್ಲಿಸಿದರೆ ಪ್ಲೇಯರ್‌ನ ಪಟ್ಟಿ ತಳದ ಬರಹವನ್ನು ಮುಚ್ಚುತ್ತದೆ. ಬರೆದುಕೊಳ್ಳಲೆಂದು ನಿಲ್ಲಿಸಿದ ವಿದ್ಯಾರ್ಥಿಗೆ ಬರೆಯಬೇಕಾದದ್ದೇ ಕಾಣುವುದಿಲ್ಲ. 1920×1080 ಅಳತೆಯ ಪರದೆಯಲ್ಲಿ ಪ್ರತಿ ಅಂಚಿನಿಂದ ಶೇ. 5ರಷ್ಟು, ಅಂದರೆ ಪಕ್ಕಗಳಲ್ಲಿ 96 ಮತ್ತು ಮೇಲೆ 54 ಪಿಕ್ಸೆಲ್ ಬಿಡಬೇಕು. ತಳದಲ್ಲಿ ಇನ್ನೂ ಹೆಚ್ಚು.

ವಿಷಯ ಸರಿಯಿದ್ದರೆ ಸಾಕು, ಅಲಂಕಾರಕ್ಕೆ ಸಮಯವೆಲ್ಲಿದೆ ಎಂದು ಕೆಲವು ಸಹಪಾಠಿಗಳು ಕೇಳುತ್ತಾರೆ. ಪಾಠ ಯೋಜನೆ, ಬೋಧನೋಪಕರಣ, ದಾಖಲೆ ಪುಸ್ತಕಗಳ ನಡುವೆ ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಮಯ ತಿನ್ನುವುದು ಹಾರುವ ಅಕ್ಷರ, ನೆರಳು, ಬಣ್ಣಗಳ ಹುಡುಕಾಟ. ಶೀರ್ಷಿಕೆಗೊಂದು, ಲೆಕ್ಕಕ್ಕೊಂದು, ಚಿತ್ರಕ್ಕೊಂದು ಎಂದು ಮೂರು ಮಾದರಿಗಳನ್ನು ಒಮ್ಮೆ ಸಿದ್ಧಪಡಿಸಿ ಉಳಿಸಿಕೊಂಡರೆ ಪ್ರತಿ ಪಾಠಕ್ಕೂ ಅವೇ ಸಾಕು. ಒಂದೇ ಸಾಲಿನ ಶೀರ್ಷಿಕೆ ಮಧ್ಯದಲ್ಲಿರಲಿ, ತೊಂದರೆಯಿಲ್ಲ.

ನಮ್ಮ ವೀಕ್ಷಣಾ ಪಟ್ಟಿಗೆ ಮೂರು ಪ್ರಶ್ನೆ ಸೇರಿಸಬೇಕೆಂದು ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ. ಚಿಕ್ಕ ಮೊಬೈಲಿನಲ್ಲಿ ಒತ್ತಕ್ಷರ ಸ್ಪಷ್ಟವಾಗಿ ಓದಲು ಬರುತ್ತದೆಯೇ? ಧ್ವನಿ ನಿಲ್ಲಿಸಿ ನೋಡಿದರೂ ಲೆಕ್ಕದ ಹಂತಗಳು ತಿಳಿಯುತ್ತವೆಯೇ? ಹೆಸರು ತಾನು ಸೂಚಿಸುವ ಭಾಗದ ಪಕ್ಕದಲ್ಲೇ ಇದೆಯೇ? ನಾಳೆ ತರಗತಿಗೆ ಬಾರದ ವಿದ್ಯಾರ್ಥಿಯೊಬ್ಬ ಮನೆಯಲ್ಲಿ ಈ ವಿಡಿಯೊ ಒಂದನ್ನೇ ನಂಬಿ ಕೂರಬಹುದು. ಅವನ ಅನುಮಾನ ಕೇಳಿಸಿಕೊಳ್ಳಲು ಅಲ್ಲಿ ನಾವಿರುವುದಿಲ್ಲ.